ಅಶ್ವಗಂಧೆ: ವೈದ್ಯಗ್ರಂಥಗಳ ಪಾಠ ಮತ್ತು ಆಧುನಿಕ ಸಂಶೋಧನೆ

ಜೈನ ಭಂಡಾರಗಳಲ್ಲಿ ಸಂರಕ್ಷಿತವಾಗಿರುವ ತಾಡಪತ್ರ ಗ್ರಂಥಗಳಲ್ಲಿ ಸಿದ್ಧಾಂತ, ಪುರಾಣ, ವ್ಯಾಕರಣಗಳಿಗೆ ಸಂದ ಗಮನವು ವೈದ್ಯಗ್ರಂಥಗಳಿಗೆ ಸಂದಿಲ್ಲವೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ, 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಸೂಚಿಯಂಥ ಸೂಚಿಗಳು ಬಂದ ಮೇಲೆ ಇಂತಹ ಗ್ರಂಥಗಳಿರುವ ಎಡೆ ತಿಳಿದುಬಂದಿತಾದರೂ, ಅವುಗಳಲ್ಲಿ ಉಕ್ತವಾದ ದ್ರವ್ಯಗಳ ನಿಷ್ಕೃಷ್ಟ ಪರಿಚಯವು ಇನ್ನೂ ಆಗಬೇಕಾಗಿದೆ. ವೈದ್ಯಗ್ರಂಥದಲ್ಲಿ ಒಂದು ಶಬ್ದವನ್ನು ತಪ್ಪಾಗಿ ಓದಿದರೆ ಕೆಡುವುದು ಅರ್ಥವಷ್ಟೇ ಅಲ್ಲ. ಓದಿ ಪ್ರಯೋಗಿಸಿದವನ ದೇಹಕ್ಕೂ ಕೇಡುಂಟಾಗುತ್ತದೆ. ಇಂದು ದೇಶವಿದೇಶಗಳಲ್ಲಿ 'ಭಾರತದ ಜಿನ್‌ಸೆಂಗ್' ಎಂಬ ಹೆಸರಿನಿಂದ ಮಾರಾಟವಾಗುತ್ತಿರುವ ಅಶ್ವಗಂಧೆಯು ಈ ಮಾತಿಗೆ ಉತ್ತಮ ನಿದರ್ಶನ. ಈ ಮೂಲಿಕೆಯ ಬಗೆಗೆ ಪ್ರಾಚೀನ ಗ್ರಂಥಗಳು ಹೇಳಿದುದೇನು, ಆಧುನಿಕ ಸಂಶೋಧನೆಯು ಕಂಡುಕೊಂಡುದೇನು, ಇವೆರಡರ ನಡುವೆ ಗ್ರಂಥಸಂಪಾದಕನ ಕರ್ತವ್ಯವೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಜೈನ ವೈದ್ಯಪರಂಪರೆಯ ಹಿನ್ನೆಲೆ

ದ್ವಾದಶಾಂಗಗಳಲ್ಲಿ ಕೊನೆಯದಾದ ದೃಷ್ಟಿವಾದದ ಹದಿನಾಲ್ಕು ಪೂರ್ವಗಳ ಪೈಕಿ ಹನ್ನೆರಡನೆಯದಾದ ಪ್ರಾಣಾವಾಯವೇ ಜೈನ ವೈದ್ಯಕ್ಕೆ ಮೂಲವೆಂದು ಪರಂಪರೆಯು ಹೇಳುತ್ತದೆ. ಶ್ರೀನಂದಿಗಳ ಶಿಷ್ಯರಾದ ಉಗ್ರಾದಿತ್ಯಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಕಲ್ಯಾಣಕಾರಕವು ಆ ಪರಂಪರೆಯಲ್ಲಿ ನಮಗೆ ಉಳಿದುಬಂದಿರುವ ಪ್ರಮುಖ ಸಂಸ್ಕೃತ ಗ್ರಂಥ. ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಅದು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. ಉಗ್ರಾದಿತ್ಯರು ತಮಗಿಂತ ಹಿಂದಿನ ಆಚಾರ್ಯರನ್ನು ಸ್ಮರಿಸುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ, ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ, ವಿಷಶಮನಕ್ಕೆ ಸಿದ್ಧಸೇನರನ್ನೂ, ಕಾಯಚಿಕಿತ್ಸೆಗೆ ದಶರಥಗುರುವನ್ನೂ, ಬಾಲವೈದ್ಯಕ್ಕೆ ಮೇಘನಾದರನ್ನೂ, ವೃಷ್ಯ ಮತ್ತು ರಸಾಯನಗಳಿಗೆ ಸಿಂಹನಾದರನ್ನೂ ಹೆಸರಿಸುತ್ತಾರೆ. ಅಶ್ವಗಂಧೆಯಂತಹ ಮೂಲಿಕೆಯು ಸಹಜವಾಗಿ ಸೇರುವುದು ಈ ಕೊನೆಯ ವಿಭಾಗಕ್ಕೆ.

ಈ ಪರಂಪರೆಯ ವೈಶಿಷ್ಟ್ಯವು ಮದ್ಯ, ಮಾಂಸ, ಮಧುಗಳ ತ್ಯಾಗದಲ್ಲಿದೆ. ಔಷಧವೆಂಬ ನೆಪದಿಂದಲೂ ಮಾಂಸಸೇವನೆಯು ಸಲ್ಲದೆಂದು ಕಲ್ಯಾಣಕಾರಕದ ಪರಿಶಿಷ್ಟವಾದ ಹಿತಾಹಿತಾಧ್ಯಾಯವು ಪ್ರತಿಪಾದಿಸುತ್ತದೆ. ಕನ್ನಡದಲ್ಲಿ ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಕರ್ಣಾಟಕ ಕಲ್ಯಾಣಕಾರಕವೂ ಇದೇ ನಿಯಮವನ್ನು ಪಾಲಿಸಿದೆ. ಪ್ರಾಣಿಜನ್ಯ ದ್ರವ್ಯಗಳನ್ನು ಬಿಟ್ಟ ವೈದ್ಯವು ಬಲವರ್ಧನಕ್ಕೂ ಪುಷ್ಟಿಗೂ ಸಸ್ಯಗಳನ್ನೇ ಆಶ್ರಯಿಸಬೇಕಾಗುವುದರಿಂದ ಬಲ್ಯದ್ರವ್ಯಗಳ ಪಾಠಶುದ್ಧಿಯು ಜೈನ ವೈದ್ಯಗ್ರಂಥಗಳ ಸಂಪಾದಕನಿಗೆ ಅತ್ಯಂತ ಮಹತ್ವದ ವಿಷಯವಾಗುತ್ತದೆ.

ನಾಮವಿಚಾರ

ಅಶ್ವದ ಗಂಧವುಳ್ಳದ್ದು ಅಶ್ವಗಂಧಾ. ಹಸಿಯ ಬೇರನ್ನು ಜಜ್ಜಿದಾಗ ಕುದುರೆಯ ಮೈವಾಸನೆಯನ್ನು ಹೋಲುವ ವಾಸನೆ ಬರುವುದರಿಂದ ಈ ಹೆಸರು ಬಂದಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಹದಿನಾರನೆಯ ಶತಮಾನದ ಭಾವಮಿಶ್ರನ ನಿಘಂಟುವು ಕುದುರೆಯನ್ನು ಹೇಳುವ ಶಬ್ದಕ್ಕೆ 'ಗಂಧಾ' ಎಂಬುದನ್ನು ಸೇರಿಸಿದರೆ ಈ ಮೂಲಿಕೆಯ ಹೆಸರಾಗುತ್ತದೆಂದು ಸಾಮಾನ್ಯ ಸೂತ್ರವನ್ನೇ ಕೊಟ್ಟಿದೆ. ಜೊತೆಗೆ ಹಯಾಹ್ವಯಾ, ವರಾಹಕರ್ಣೀ, ವರದಾ, ಬಲದಾ, ಕುಷ್ಠಗಂಧಿನೀ ಎಂಬ ಪರ್ಯಾಯಗಳನ್ನೂ ಹೇಳಿದೆ. ಪ್ರಾಕೃತದಲ್ಲಿ 'ಅಶ್ವ'ವು 'ಅಸ್ಸ' ಆಗುವ ಕ್ರಮವನ್ನು ಬಲ್ಲವರಿಗೆ ಹಿಂದಿಯ 'ಅಸಗಂಧ', ಮರಾಠಿಯ 'ಆಸಂಧ' ಎಂಬ ರೂಪಗಳು ಅದೇ ಶಬ್ದದ ಮುಂದಿನ ಪರಿಣಾಮಗಳೆಂಬುದನ್ನು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಆಕಾರಾಂತವು ಎಕಾರಾಂತವಾಗಿ 'ಅಶ್ವಗಂಧೆ' ಎಂದಾಗುತ್ತದೆ. ದೇಶ್ಯದಲ್ಲಿ ಇದನ್ನು 'ಹಿರೇಮದ್ದು' ಎನ್ನುತ್ತಾರೆ. ತೆಲುಗಿನಲ್ಲಿ 'ಪೆನ್ನೇರು', ತಮಿಳಿನಲ್ಲಿ 'ಅಮುಕ್ಕರಾ' ಎಂದು ಹೆಸರು.

ಪರ್ಯಾಯಗಳ ಈ ಬಾಹುಳ್ಯವು ಛಂದೋಬದ್ಧವಾಗಿ ಬರೆಯುವ ಶಾಸ್ತ್ರಕಾರನಿಗೆ ಅನುಕೂಲ, ಸಂಪಾದಕನಿಗೆ ಪರೀಕ್ಷೆ. 'ಅಶ್ವಗಂಧಾ' ಮತ್ತು 'ವಾಜಿಗಂಧಾ' ಎಂಬೆರಡಕ್ಕೂ ಗುರು-ಲಘು-ಗುರು-ಗುರು ಎಂಬ ಒಂದೇ ವಿನ್ಯಾಸವಿರುವುದರಿಂದ ಲಿಪಿಕಾರನು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬರೆದರೂ ವೃತ್ತವು ಕೆಡುವುದಿಲ್ಲ, ದ್ರವ್ಯವೂ ಬದಲಾಗುವುದಿಲ್ಲ. ಇಂತಹ ಪಾಠಾಂತರವು ನಿರುಪದ್ರವಿ. 'ಹಯಗಂಧಾ' ಎಂಬುದರ ವಿಷಯ ಹಾಗಲ್ಲ. ಇದರ ವಿನ್ಯಾಸ ಲಘು-ಲಘು-ಗುರು-ಗುರು. ಬೇರೆಯೇ ದ್ರವ್ಯವಾದ 'ಅಜಗಂಧಾ' ಎಂಬುದರ ವಿನ್ಯಾಸವೂ ಅದೇ. ಓಲೆಯ ಅಂಚು ಮುರಿದು ಮೊದಲಿನ ಎರಡು ಅಕ್ಷರಗಳು ಹೋಗಿ '…ಗಂಧಾ' ಎಂದಷ್ಟೇ ಉಳಿದಿದ್ದರೆ ಛಂದಸ್ಸಿನಿಂದ ನಿರ್ಣಯವು ಸಾಧ್ಯವಿಲ್ಲ.

ಇದಕ್ಕಿಂತ ಭಯಂಕರವಾದುದು ಉತ್ತರಪದವು ನಷ್ಟವಾಗುವ ಸಂದರ್ಭ. ಹುಳು ತಿಂದ ಗರಿಯಲ್ಲಿ 'ಹಯ' ಎಂಬ ಎರಡಕ್ಷರಗಳು ಮಾತ್ರ ಉಳಿದಿವೆಯೆಂದು ಭಾವಿಸೋಣ. ಅಲ್ಲಿ ಇದ್ದುದು 'ಹಯಗಂಧಾ' ಆಗಿರಬಹುದು. 'ಹಯಮಾರಃ' ಎಂದೂ ಇರಬಹುದು. ಎರಡೂ ಲಘು-ಲಘು-ಗುರು-ಗುರುಗಳೇ. ಹಯಮಾರವೆಂದರೆ ಕುದುರೆಯನ್ನು ಕೊಲ್ಲುವುದು, ಅರ್ಥಾತ್ ಕರವೀರ, ಕನ್ನಡದ ಕಣಗಿಲೆ. ಅಮರಕೋಶವೂ ಕರವೀರಕ್ಕೆ ಹಯಮಾರಕವೆಂಬ ಪರ್ಯಾಯವನ್ನು ಕೊಟ್ಟಿದೆ. ಕಣಗಿಲೆಯ ಎಲೆ, ತೊಗಟೆ, ಬೇರುಗಳೆಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷವುಳ್ಳವುಗಳೆಂಬುದು ರಸಾಯನಶಾಸ್ತ್ರದಿಂದ ಸ್ಥಿರಪಟ್ಟಿದೆ. ಮಂಗರಾಜನ ಖಗೇಂದ್ರಮಣಿದರ್ಪಣದಂತಹ ವಿಷವೈದ್ಯಗ್ರಂಥಗಳಲ್ಲಿ ವಿಷದ್ರವ್ಯವೂ ಔಷಧದ್ರವ್ಯವೂ ಒಂದೇ ಪ್ರಕರಣದಲ್ಲಿ ಬರುವುದು ಸಹಜವಾದುದರಿಂದ ಅಲ್ಲಿ ಇಂತಹ ಪಾಠಪೂರಣವು ಇನ್ನಷ್ಟು ಎಚ್ಚರಿಕೆಯನ್ನು ಬೇಡುತ್ತದೆ.

ಹಾಗಾದರೆ ನಿರ್ಣಯಕ್ಕೆ ಆಧಾರ ಯಾವುದು? ಮೊದಲನೆಯದು ಸಾಹಚರ್ಯ. ಬಲಾ, ಅತಿಬಲಾ, ಪಯಸ್ಯಾ, ಕಾಕೋಲೀ ಮೊದಲಾದುವುಗಳ ಜೊತೆಯಲ್ಲಿ ಬಂದ ಶಬ್ದವು ಅಶ್ವಗಂಧೆಯನ್ನೇ ಹೇಳುವ ಸಂಭವ ಹೆಚ್ಚು. ಎರಡನೆಯದು ಕರ್ಮ. ಯೋಗದ ಫಲವು ಬಲ್ಯ, ಬೃಂಹಣ, ವಾತಹರವಾಗಿದ್ದರೆ ಅದು ಅಶ್ವಗಂಧೆಗೆ ಒಪ್ಪುತ್ತದೆ. ಮೂರನೆಯದು ಪ್ರಯೋಗಮಾರ್ಗ. ಕರವೀರವು ಪ್ರಾಯಶಃ ಚರ್ಮರೋಗಗಳಲ್ಲಿ ಲೇಪವಾಗಿಯೋ ತೈಲವಾಗಿಯೋ ಹೊರಗಿನಿಂದ ಪ್ರಯೋಗಿಸಲ್ಪಡುತ್ತದೆ; ಅಶ್ವಗಂಧೆಯು ಹಾಲಿನಲ್ಲಿಯೋ ತುಪ್ಪದಲ್ಲಿಯೋ ಒಳಗೆ ಸೇವಿಸಲ್ಪಡುತ್ತದೆ. ಈ ಮೂರೂ ಆಧಾರಗಳು ಕೂಡಿಬರದಿದ್ದಲ್ಲಿ ಸಂಪಾದಕನು ತ್ರುಟಿತಸ್ಥಾನವನ್ನು ಚುಕ್ಕೆಗಳಿಂದ ಸೂಚಿಸಿ ಹಾಗೆಯೇ ಬಿಡುವುದೇ ಧರ್ಮ. ಕಾವ್ಯದಲ್ಲಿ ಊಹಾಪಾಠವು ರಸಿಕತೆಯಾಗಬಹುದು. ವೈದ್ಯದಲ್ಲಿ ಅದು ಹಿಂಸೆಗೆ ಕಾರಣವಾಗಬಹುದು.

'ವರಾಹಕರ್ಣೀ' ಎಂಬ ಪರ್ಯಾಯದಲ್ಲಿಯೂ ಒಂದು ತೊಡಕಿದೆ. ಎಲೆಯು ಹಂದಿಯ ಕಿವಿಯನ್ನು ಹೋಲುವುದರಿಂದ ಬಂದ ಈ ಹೆಸರನ್ನು 'ವಾರಾಹೀ' ಎಂಬ ಕಂದದ ಹೆಸರಿನೊಡನೆ ಬೆರೆಸಬಾರದು. ವಾರಾಹಿಯು ಗೆಣಸಿನ ಜಾತಿಯ ಕಂದ. ಶ್ರಾವಕಾಚಾರದ ದೃಷ್ಟಿಯಿಂದ ಅದರ ವಿಚಾರವೇ ಬೇರೆ.

ಗಿಡದ ಸ್ವರೂಪ

ಅಶ್ವಗಂಧೆಯು ಬದನೆ, ಕಾಕಮಾಚಿಗಳ ಕುಲಕ್ಕೆ ಸೇರಿದ ಚಿಕ್ಕ ಪೊದೆ. 1753ರಲ್ಲಿ ಲಿನ್ನೇಯಸನು ಇದಕ್ಕೆ ಫೈಸಾಲಿಸ್ ಸೋಮ್ನಿಫೆರಾ ಎಂದು ಹೆಸರಿಟ್ಟನು. 1852ರಲ್ಲಿ ಫ್ರಾನ್ಸಿನ ಡ್ಯೂನಾಲನು ಇದನ್ನು ವಿಥಾನಿಯಾ ಎಂಬ ಕುಲಕ್ಕೆ ಸೇರಿಸಿದನು. 'ಸೋಮ್ನಿಫೆರಾ' ಎಂದರೆ ನಿದ್ರೆಯನ್ನು ತರುವುದು ಎಂದರ್ಥ. ಮೆಡಿಟರೇನಿಯನ್ ತೀರ, ಆಫ್ರಿಕಾ, ಪಶ್ಚಿಮ ಏಷ್ಯಾ ಮತ್ತು ಭಾರತದ ಒಣಪ್ರದೇಶಗಳಲ್ಲಿ ಇದು ತಾನಾಗಿ ಬೆಳೆಯುತ್ತದೆ. ಎಲೆ ಕಾಂಡಗಳ ಮೇಲೆ ನಕ್ಷತ್ರಾಕಾರದ ಸೂಕ್ಷ್ಮ ರೋಮಗಳಿರುತ್ತವೆ. ಹೂಗಳು ಹಸಿರುಮಿಶ್ರಿತ ಹಳದಿ. ಮಾಗಿದ ಹಣ್ಣು ಕೆಂಪಗಿದ್ದು ಉಬ್ಬಿದ ಪುಷ್ಪಪಾತ್ರೆಯೊಳಗೆ ಅಡಗಿರುತ್ತದೆ. ಮಧ್ಯಪ್ರದೇಶದ ಮಂದಸೌರ್ ಮತ್ತು ನೀಮಚ್ ಜಿಲ್ಲೆಗಳು ಇದರ ಕೃಷಿಗೆ ಪ್ರಸಿದ್ಧವಾದುವು. ರಾಜಸ್ಥಾನದ ನಾಗೌರಿನ ಹೆಸರಿನಿಂದ 'ನಾಗೋರಿ ಅಸಗಂಧ'ವೆಂಬ ಮಾಲು ವ್ಯಾಪಾರದಲ್ಲಿ ಬಹುಕಾಲದಿಂದ ಇದೆ. ಮಳೆಗಾಲದಲ್ಲಿ ಬಿತ್ತಿದ ಬೆಳೆಯು ಸುಮಾರು 150ರಿಂದ 180 ದಿನಗಳಲ್ಲಿ ಎಲೆ ಒಣಗಿ ಹಣ್ಣು ಕೆಂಪಾದಾಗ ಕೀಳಲ್ಪಡುತ್ತದೆ. ಬೇರನ್ನು ತುಂಡರಿಸಿ ಬಿಸಿಲಿನಲ್ಲಿ ಒಣಗಿಸುತ್ತಾರೆ.

ಇದೇ ಕುಲದ ವಿಥಾನಿಯಾ ಕೋಯಾಗ್ಯುಲನ್ಸ್ ಎಂಬ ಇನ್ನೊಂದು ಗಿಡದ ಹಣ್ಣು ಹಾಲನ್ನು ಒಡೆಯಿಸುವ ಗುಣವುಳ್ಳದ್ದು. ಹೆಸರು ಸಮೀಪವಾದರೂ ಇದು ಅಶ್ವಗಂಧೆಯಲ್ಲ.

ಗ್ರಂಥಗಳಲ್ಲಿ ಅಶ್ವಗಂಧೆ

ಚರಕಸಂಹಿತೆಯು ಹತ್ತು ಹತ್ತು ದ್ರವ್ಯಗಳ ಐವತ್ತು ಮಹಾಕಷಾಯಗಳನ್ನು ಹೇಳುವಲ್ಲಿ ಬಲ್ಯ ಮತ್ತು ಬೃಂಹಣೀಯವೆಂಬ ಎರಡು ಗಣಗಳಲ್ಲಿ ಅಶ್ವಗಂಧೆಯನ್ನು ಎಣಿಸಿದೆ. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ, ರಸಾಯನಾಧ್ಯಾಯದಲ್ಲಿ, ಇದನ್ನು ಅರ್ಧಮಾಸ ಪರ್ಯಂತ ಹಾಲು, ತುಪ್ಪ, ಎಣ್ಣೆ ಅಥವಾ ಬೆಚ್ಚನೆಯ ನೀರಿನೊಡನೆ ಸೇವಿಸಿದರೆ ಒಳ್ಳೆಯ ಮಳೆಯು ಎಳೆಯ ಪೈರನ್ನು ಪೋಷಿಸುವಂತೆ ಕೃಶವಾದ ದೇಹವು ಪುಷ್ಟಿಗೊಳ್ಳುತ್ತದೆಂದು ಹೇಳಿದೆ. ಇಲ್ಲಿ ಉಕ್ತವಾದ ನಾಲ್ಕು ಅನುಪಾನಗಳಲ್ಲಿ ಮಧುವೂ ಇಲ್ಲ, ಮದ್ಯವೂ ಇಲ್ಲ. ಜೈನ ವೈದ್ಯನಿಗೆ ಈ ಪ್ರಯೋಗವು ಯಾವ ಮಾರ್ಪಾಡೂ ಇಲ್ಲದೆ ಗ್ರಾಹ್ಯವಾಗುವಂತಹುದು. ಇದಕ್ಕೆ ಪ್ರತಿಯಾಗಿ ಭೈಷಜ್ಯರತ್ನಾವಳಿಯಲ್ಲಿ ಹೇಳಿರುವ ಅಶ್ವಗಂಧಾರಿಷ್ಟದಲ್ಲಿ ಜೇನು ಸೇರುತ್ತದೆ. ಸಂಧಾನಕ್ರಿಯೆಯಿಂದ ಅದರಲ್ಲಿ ಮದ್ಯಾಂಶವು ತಾನಾಗಿ ಹುಟ್ಟುತ್ತದೆ. ಮದ್ಯ ಮತ್ತು ಮಧುಗಳನ್ನು ತ್ಯಜಿಸಿದವರಿಗೆ ಅದು ಒಪ್ಪತಕ್ಕದ್ದಲ್ಲ.

ಭಾವಮಿಶ್ರನು ಇದು ವಾತ, ಕಫ, ಶ್ವಿತ್ರ, ಶೋಥ, ಕ್ಷಯಗಳನ್ನು ಹೋಗಲಾಡಿಸುವುದೆಂದೂ ಬಲ್ಯ ಮತ್ತು ರಸಾಯನವೆಂದೂ ತಿಕ್ತ-ಕಷಾಯರಸವುಳ್ಳ ಉಷ್ಣದ್ರವ್ಯವೆಂದೂ ಹೇಳಿದ್ದಾನೆ. ಅವನೇ ಪ್ರತಿನಿಧಿದ್ರವ್ಯಗಳನ್ನು ಹೇಳುವಾಗ ಅಷ್ಟವರ್ಗದಲ್ಲಿ ಸೇರಿದ ಕಾಕೋಲೀ ಮತ್ತು ಕ್ಷೀರಕಾಕೋಲಿಗಳು ದೊರೆಯದಿದ್ದಲ್ಲಿ ಅಶ್ವಗಂಧೆಯನ್ನು ಗ್ರಹಿಸಬೇಕೆಂದು ವಿಧಿಸಿದ್ದಾನೆ. ಆದುದರಿಂದ ಒಂದೇ ಯೋಗದ ಪ್ರಾಚೀನ ಪ್ರತಿಯಲ್ಲಿ ಕಾಕೋಲಿಯೂ ಅರ್ವಾಚೀನ ಪ್ರತಿಯಲ್ಲಿ ಅಶ್ವಗಂಧೆಯೂ ಕಂಡುಬಂದರೆ ಅದನ್ನು ಲಿಪಿಕಾರನ ಸ್ಖಾಲಿತ್ಯವೆಂದು ಎಣಿಸುವ ಮುನ್ನ ಪ್ರತಿನಿಧಿವಿಧಿಯನ್ನು ನೆನೆಯಬೇಕು. ಅದು ವೈದ್ಯನೊಬ್ಬನು ಬುದ್ಧಿಪೂರ್ವಕವಾಗಿ ಮಾಡಿದ ಬದಲಾವಣೆಯೂ ಆಗಿರಬಹುದು.

ಗಿಡದ ಯಾವ ಅಂಗವನ್ನು ಗ್ರಹಿಸಬೇಕೆಂಬುದು ಮುಂದಿನ ಪ್ರಶ್ನೆ. ಬಹುಪಾಲು ಯೋಗಗಳಲ್ಲಿ ದ್ರವ್ಯದ ಹೆಸರು ಮಾತ್ರ ಇದ್ದು ಅಂಗದ ನಿರ್ದೇಶವಿರುವುದಿಲ್ಲ. ಶಾರ್ಙ್ಗಧರಸಂಹಿತೆಯ ಪರಿಭಾಷಾಪ್ರಕರಣವು ಇದಕ್ಕೆ ಉತ್ತರವನ್ನು ಕೊಡುತ್ತದೆ: ಕಾಲವನ್ನು ಹೇಳದಿದ್ದಲ್ಲಿ ಪ್ರಾತಃಕಾಲವನ್ನೂ, ಅಂಗವನ್ನು ಹೇಳದಿದ್ದಲ್ಲಿ ಬೇರನ್ನೂ ಗ್ರಹಿಸಬೇಕು. ಆದುದರಿಂದ ಕೇವಲ 'ಅಶ್ವಗಂಧಾ' ಎಂದರೆ ಅಶ್ವಗಂಧೆಯ ಬೇರು ಎಂದೇ ಅರ್ಥ. ಪರಿಭಾಷೆಯನ್ನು ಅರಿಯದೆ 'ಗ್ರಂಥದಲ್ಲಿ ಬೇರೆಂದು ಹೇಳಿಲ್ಲ, ಆದುದರಿಂದ ಎಲೆಯೂ ಸಲ್ಲುತ್ತದೆ' ಎಂದು ವಾದಿಸುವುದು ಶಾಸ್ತ್ರಸಮ್ಮತವಲ್ಲ. ಈ ಮಾತಿನ ಮಹತ್ವವು ಮುಂದೆ ಸ್ಪಷ್ಟವಾಗುತ್ತದೆ.

ಅಡಾಪ್ಟೋಜೆನ್ ಎಂಬ ಪರಿಕಲ್ಪನೆ

ಶೀತ, ಗಾಯ, ವಿಷ, ಅತಿಶ್ರಮ ಮೊದಲಾದ ಭಿನ್ನಭಿನ್ನ ಆಘಾತಗಳಿಗೆ ದೇಹವು ಒಂದೇ ಬಗೆಯಾಗಿ ಪ್ರತಿಕ್ರಿಯಿಸುತ್ತದೆಂದು ಹ್ಯಾನ್ಸ್ ಸೆಲ್ಯೆಯು 1936ರಲ್ಲಿ ತೋರಿಸಿದನು. ಈ ಆಘಾತಗಳನ್ನು ಎದುರಿಸುವ ಶಕ್ತಿಯನ್ನು ಸಾಮಾನ್ಯವಾಗಿ ಹೆಚ್ಚಿಸುವ ದ್ರವ್ಯಗಳಿಗೆ ಸೋವಿಯತ್ ಔಷಧವಿಜ್ಞಾನಿ ನಿಕೊಲಾಯ್ ಲಾಜರೆವನು 1947ರಲ್ಲಿ 'ಅಡಾಪ್ಟೋಜೆನ್' ಎಂಬ ಹೆಸರನ್ನು ಕೊಟ್ಟನು. ಅವನ ಅನುಯಾಯಿಯಾದ ಇಸ್ರೇಲ್ ಬ್ರೆಖ್‌ಮನ್ನನು ವ್ಲಾಡಿವೊಸ್ಟಾಕ್ ನಗರದಲ್ಲಿ ಜಿನ್‌ಸೆಂಗ್ ಮತ್ತು ಎಲೆಯುಥೆರೊಕೋಕಸ್ ಎಂಬ ಮೂಲಿಕೆಗಳ ಮೇಲೆ ಪ್ರಯೋಗಗಳನ್ನು ನಡೆಸಿ, ದಾರ್ದಿಮೋವನೊಡನೆ 1969ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ವಿಚಾರವು ಜಗತ್ತಿಗೆ ಪರಿಚಿತವಾಯಿತು. ಅವರ ಮತದಂತೆ ಅಡಾಪ್ಟೋಜೆನ್ನಿಗೆ ಮೂರು ಲಕ್ಷಣಗಳು: ಅದು ದೇಹಕ್ಕೆ ಹಾನಿಕರವಾಗಿರಬಾರದು, ಯಾವುದೋ ಒಂದು ರೋಗಕ್ಕೆ ಸೀಮಿತವಾಗಿರದೆ ನಾನಾ ಬಗೆಯ ಆಘಾತಗಳಿಗೆ ಪ್ರತಿರೋಧವನ್ನುಂಟುಮಾಡಬೇಕು, ದೇಹದ ಸ್ಥಿತಿಯು ಯಾವ ಕಡೆಗೆ ವಾಲಿದ್ದರೂ ಅದನ್ನು ಸಮಸ್ಥಿತಿಗೆ ತರಬೇಕು.

ಚರಕನು ಔಷಧವನ್ನು ಸ್ವಸ್ಥನ ಓಜಸ್ಸನ್ನು ಹೆಚ್ಚಿಸುವುದು, ರೋಗಿಯ ರೋಗವನ್ನು ನಿವಾರಿಸುವುದು ಎಂದು ಎರಡಾಗಿ ವಿಂಗಡಿಸಿ, ರಸಾಯನವನ್ನು ಮುಖ್ಯವಾಗಿ ಮೊದಲನೆಯದರಲ್ಲಿ ಸೇರಿಸಿರುವುದನ್ನು ಇದರೊಡನೆ ಹೋಲಿಸಬಹುದು. ಹೋಲಿಕೆಯುಂಟು, ಅಭೇದವಿಲ್ಲ. ರಸಾಯನಕ್ಕೆ ಶೋಧನ, ಪಥ್ಯ, ವಯಸ್ಸು, ಪ್ರಕೃತಿಗಳ ವಿಚಾರವು ಅಂಗವಾಗಿದೆ. ಅಡಾಪ್ಟೋಜೆನ್ ಎಂಬುದು ದ್ರವ್ಯದ ಕ್ರಿಯೆಯೊಂದನ್ನೇ ಹೇಳುತ್ತದೆ. ಅಂತೆಯೇ ಅಶ್ವಗಂಧೆಯನ್ನು ಜಿನ್‌ಸೆಂಗ್ ಎನ್ನುವುದು ಉಪಚಾರಮಾತ್ರ. ಚೀನ, ಕೊರಿಯಾಗಳ ಜಿನ್‌ಸೆಂಗ್ ಬೇರೆ ಕುಟುಂಬದ ಗಿಡ. ಅದರ ಸಾರಭೂತ ದ್ರವ್ಯಗಳಾದ ಜಿನ್‌ಸೆನೊಸೈಡುಗಳು ಸಪೋನಿನ್ ವರ್ಗಕ್ಕೆ ಸೇರಿದುವು. ಅಶ್ವಗಂಧೆಯ ಸಾರದ್ರವ್ಯಗಳು ಬೇರೆಯೇ. ಸಾಮ್ಯವಿರುವುದು ಬಳಕೆಯಲ್ಲಿ ಮಾತ್ರ: ಎರಡೂ ಬಲಕ್ಕಾಗಿ ಸೇವಿಸುವ ಬೇರುಗಳು.

ಪ್ರಯೋಗಾಲಯದ ಸಂಶೋಧನೆ

ಅಶ್ವಗಂಧೆಯಲ್ಲಿರುವ ಮುಖ್ಯದ್ರವ್ಯಗಳು ಎರಡು ಬಗೆ: ಆಲ್ಕಲಾಯ್ಡುಗಳು ಮತ್ತು ವಿಥನೊಲೈಡುಗಳು. ವಿಥನೊಲೈಡುಗಳು ಇಪ್ಪತ್ತೆಂಟು ಇಂಗಾಲದ ಪರಮಾಣುಗಳ ಅಡಿಗಟ್ಟುಳ್ಳ ಸ್ಟೀರಾಯ್ಡ್ ಲ್ಯಾಕ್ಟೋನುಗಳು. ಇವುಗಳಲ್ಲಿ ಪ್ರಸಿದ್ಧವಾದ ವಿಥಫೆರಿನ್-ಎ ಎಂಬುದರ ರಚನೆಯನ್ನು ಲಾವಿ ಮತ್ತು ಅವನ ಸಹೋದ್ಯೋಗಿಗಳು 1965ರಲ್ಲಿ ಇಸ್ರೇಲಿನಲ್ಲಿ ನಿರ್ಣಯಿಸಿದರು. ಒಂದೇ ಜಾತಿಯ ಗಿಡವಾದರೂ ದೇಶಭೇದದಿಂದ ಅದರ ರಸಾಯನಿಕ ಘಟಕಗಳು ಭಿನ್ನವಾಗುತ್ತವೆಂಬುದನ್ನೂ ಅಲ್ಲಿನ ವಿಜ್ಞಾನಿಗಳೇ ತೋರಿಸಿದರು. ದ್ರವ್ಯದ ಗುಣವು ಅದು ಹುಟ್ಟಿದ ಭೂಮಿಯನ್ನು ಅನುಸರಿಸುತ್ತದೆಂದು ನಮ್ಮ ಶಾಸ್ತ್ರಕಾರರು ದೇಶವಿಚಾರದಲ್ಲಿ ಹೇಳಿರುವ ಮಾತು ಇಲ್ಲಿ ಸ್ಮರಣೀಯ. 1980ರ ದಶಕದಲ್ಲಿ ಕಾಶಿ ಹಿಂದೂ ವಿಶ್ವವಿದ್ಯಾಲಯದ ಘೋಷಾಲ್ ಮತ್ತು ಭಟ್ಟಾಚಾರ್ಯರು ಈ ಗಿಡದಿಂದ ಸೈಟೊಇಂಡೊಸೈಡುಗಳೆಂಬ ದ್ರವ್ಯಗಳನ್ನು ಬೇರ್ಪಡಿಸಿ ಪ್ರಾಣಿಗಳಲ್ಲಿ ಅವುಗಳ ಆಘಾತನಿವಾರಕ ಕ್ರಿಯೆಯನ್ನು ವರದಿಮಾಡಿದರು. ಮಿದುಳಿನಲ್ಲಿ ಉದ್ರೇಕವನ್ನು ತಗ್ಗಿಸುವ 'ಗಾಬಾ' ವ್ಯವಸ್ಥೆಯ ಮೇಲೆ ಬೇರಿನ ಸತ್ತ್ವವು ಕ್ರಿಯೆ ನಡೆಸುತ್ತದೆಂದು 1991ರ ಇನ್ನೊಂದು ಸಂಶೋಧನೆಯು ಸೂಚಿಸಿತು.

ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ 1980ರಲ್ಲಿ ಪ್ರಕಟವಾದ ಒಂದು ಉಲ್ಲೇಖನೀಯ. 50ರಿಂದ 59 ವರ್ಷ ವಯಸ್ಸಿನ 101 ಮಂದಿ ಆರೋಗ್ಯವಂತ ಪುರುಷರು ಇದರಲ್ಲಿ ಭಾಗವಹಿಸಿದ್ದರು. ಒಂದು ವರ್ಷ ಕಾಲ ದಿನಕ್ಕೆ 3 ಗ್ರಾಂ ಚೂರ್ಣವನ್ನು ಸೇವಿಸಿದವರಲ್ಲಿ ರಕ್ತದ ಹಿಮೊಗ್ಲೋಬಿನ್ ಮತ್ತು ಕೆಂಪುಕಣಗಳು ಹೆಚ್ಚಿದುವೆಂದು ವರದಿಯಾಗಿದೆ. 2012ರಲ್ಲಿ ಚಂದ್ರಶೇಖರ್ ಮತ್ತು ಸಂಗಡಿಗರು ಮಾನಸಿಕ ಒತ್ತಡವುಳ್ಳ 64 ಮಂದಿಯನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಬೇರಿನ ಸತ್ತ್ವವನ್ನು 300 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ 60 ದಿನ ಕೊಟ್ಟರು. ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನು ಕೊಟ್ಟರು. ಮೊದಲನೆಯ ಗುಂಪಿನಲ್ಲಿ ಒತ್ತಡದ ಅಂಕಗಳೂ ರಕ್ತದಲ್ಲಿನ ಕಾರ್ಟಿಸಾಲ್ ಎಂಬ ಸ್ರಾವದ ಪ್ರಮಾಣವೂ ಗಮನಾರ್ಹವಾಗಿ ಇಳಿದುವು. 2019ರಲ್ಲಿ ನಿದ್ರಾಹೀನತೆಯುಳ್ಳ 60 ಮಂದಿಯ ಮೇಲೆ ಹತ್ತು ವಾರಗಳ ಕಾಲ ನಡೆದ ಪ್ರಯೋಗವೊಂದರಲ್ಲಿ ನಿದ್ರೆಯು ಸುಧಾರಿಸಿದುದು ಕಂಡುಬಂದಿತು.

ಈ ಫಲಿತಾಂಶಗಳನ್ನು ಅವುಗಳ ಮಿತಿಯೊಳಗೇ ಗ್ರಹಿಸಬೇಕು. ಪ್ರಯೋಗಗಳಲ್ಲಿ ಭಾಗವಹಿಸಿದವರ ಸಂಖ್ಯೆ ಸ್ವಲ್ಪ. ಬಹುತೇಕ ಪ್ರಯೋಗಗಳ ಅವಧಿಯು ಎರಡು ಮೂರು ತಿಂಗಳಿಗಿಂತ ಹೆಚ್ಚಿಲ್ಲ. ಬಳಸಿದ ಸತ್ತ್ವಗಳು ಒಂದೊಂದೆಡೆ ಒಂದೊಂದು ಬಗೆ. ನೀರಿನಿಂದಲೋ ಆಲ್ಕೊಹಾಲಿನಿಂದಲೋ ತೆಗೆದ ಸತ್ತ್ವವು ಗ್ರಂಥೋಕ್ತ ಚೂರ್ಣವಲ್ಲ. ಭಾರತದ ಆಯುರ್ವೇದ ಔಷಧಕೋಶವು ಚೂರ್ಣಕ್ಕೆ ಹೇಳಿರುವ ಪ್ರಮಾಣ 3ರಿಂದ 6 ಗ್ರಾಂ. ಸತ್ತ್ವದ ಪ್ರಮಾಣವಾದರೋ ಮಿಲಿಗ್ರಾಂಗಳ ಲೆಕ್ಕ. ಆದುದರಿಂದ ಸತ್ತ್ವದ ಮೇಲಿನ ಪ್ರಯೋಗವು ಗ್ರಂಥವಾಕ್ಯವನ್ನು ಸಿದ್ಧಪಡಿಸಿತೆಂದು ಹೇಳುವುದು ಹೇಗೆ ಸಲ್ಲದೋ, ಗ್ರಂಥವಾಕ್ಯವಿದೆಯೆಂಬ ಕಾರಣದಿಂದ ಸತ್ತ್ವವು ನಿರಪಾಯವೆಂದು ಹೇಳುವುದೂ ಹಾಗೆಯೇ ಸಲ್ಲದು.

ಎಲೆ ಮತ್ತು ಬೇರಿನ ವಿವಾದ

ವಿಥಫೆರಿನ್-ಎ ಬೇರಿಗಿಂತ ಎಲೆಯಲ್ಲಿ ಸಾಮಾನ್ಯವಾಗಿ ಹೆಚ್ಚು. ಎಲೆಯು ಅಗ್ಗವಾಗಿಯೂ ಹೇರಳವಾಗಿಯೂ ದೊರೆಯುತ್ತದೆ. ವಿಥನೊಲೈಡುಗಳ ಶೇಕಡಾವಾರು ಪ್ರಮಾಣವನ್ನೇ ಗುಣದ ಅಳತೆಯೆಂದು ಬಗೆದು ಬೇರಿನೊಡನೆ ಎಲೆಯನ್ನು ಬೆರೆಸುವ ಪದ್ಧತಿಯು ಉದ್ಯಮದಲ್ಲಿ ಹಬ್ಬಿತು. ಆದರೆ ವಿಥಫೆರಿನ್-ಎ ಪ್ರಯೋಗಾಲಯದಲ್ಲಿ ಜೀವಕೋಶಗಳನ್ನು ಕೊಲ್ಲುವ ಶಕ್ತಿಯುಳ್ಳದ್ದು. ಅದು ಅರ್ಬುದದ ಸಂಶೋಧಕರಿಗೆ ಆಸಕ್ತಿಯ ವಿಷಯವಾದರೂ ಬಲವರ್ಧನಕ್ಕಾಗಿ ನಿತ್ಯವೂ ಸೇವಿಸುವವನಿಗೆ ಹೆಚ್ಚಿದ್ದಷ್ಟೂ ಹಿತವೆಂಬ ನ್ಯಾಯವು ಅನ್ವಯಿಸುವುದಿಲ್ಲ. ಜಪಾನಿನ ಸುಕುಬಾದಲ್ಲಿ 2017ರಲ್ಲಿ ನಡೆದ ಸಂಶೋಧನೆಯೊಂದು ಇಲಿಗಳಲ್ಲಿ ನಿದ್ರೆಯನ್ನು ತರುವ ದ್ರವ್ಯವನ್ನು ಎಲೆಯಲ್ಲಿ ಗುರುತಿಸಿತು. ಅದು ವಿಥನೊಲೈಡೇ ಅಲ್ಲ. ಎಲೆ ಮತ್ತು ಬೇರುಗಳು ಒಂದೇ ಗಿಡದವಾದರೂ ಔಷಧದೃಷ್ಟಿಯಿಂದ ಎರಡು ದ್ರವ್ಯಗಳೆಂಬುದು ಇದರಿಂದ ಸೂಚಿತವಾಗುತ್ತದೆ.

2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕಗಳಿಂದ ಅಶ್ವಗಂಧೆಯ ಸಿದ್ಧೌಷಧಗಳನ್ನು ಸೇವಿಸಿದ ಐವರಲ್ಲಿ ಕಾಮಾಲೆಯೊಡನೆ ಯಕೃತ್ತಿಗೆ ಹಾನಿಯಾದ ಸಂಗತಿಯು ವರದಿಯಾಯಿತು. ಭಾರತ ಸರಕಾರದ ಆಯುಷ್ ಸಚಿವಾಲಯವು 2021ರಲ್ಲಿ ಅಶ್ವಗಂಧೆಯ ಎಲೆಯನ್ನು ಬಳಸದಿರುವಂತೆ ತಯಾರಕರಿಗೆ ಸೂಚಿಸಿತು. 2023ರಲ್ಲಿ ಡೆನ್ಮಾರ್ಕ್ ದೇಶವು ಆಹಾರಪೂರಕಗಳಲ್ಲಿ ಈ ಮೂಲಿಕೆಯ ಬಳಕೆಯನ್ನೇ ನಿಷೇಧಿಸಿತು. ಗರ್ಭಿಣಿಯರೂ, ಯಕೃತ್ತಿನ ಅಥವಾ ಥೈರಾಯ್ಡ್ ಗ್ರಂಥಿಯ ವ್ಯಾಧಿಯುಳ್ಳವರೂ, ನಿದ್ರಾಜನಕ ಔಷಧಗಳನ್ನು ಸೇವಿಸುವವರೂ ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.

ಅಂಗವನ್ನು ಹೇಳದಿದ್ದಲ್ಲಿ ಬೇರನ್ನು ಗ್ರಹಿಸಬೇಕೆಂಬ ಪರಿಭಾಷೆಯ ಒಂದು ಸಣ್ಣ ವಾಕ್ಯವು ಇಷ್ಟು ಶತಮಾನಗಳ ಮೇಲೆ ಎಷ್ಟು ಪ್ರಯೋಜನಕಾರಿಯಾಗಿದೆಯೆಂಬುದನ್ನು ಇಲ್ಲಿ ಗಮನಿಸಬೇಕು. ಗ್ರಂಥದ ಹೆಸರನ್ನು ಜಾಹೀರಾತಿನಲ್ಲಿ ಉದಾಹರಿಸುವವರು ಗ್ರಂಥದ ಪರಿಭಾಷೆಯನ್ನೂ ಪಾಲಿಸಿದ್ದರೆ ಈ ವಿವಾದವು ಇಷ್ಟರಮಟ್ಟಿಗೆ ಬೆಳೆಯುತ್ತಿರಲಿಲ್ಲ. ಆದರೂ ಬೇರು ಸರ್ವಥಾ ನಿರ್ದೋಷವೆಂದು ಪರಿಭಾಷೆಯಿಂದ ಸಿದ್ಧವಾಗುವುದಿಲ್ಲ. ಅದು ಪರೀಕ್ಷೆಯಿಂದ ತಿಳಿಯಬೇಕಾದ ವಿಷಯ.

ಆರ್ದ್ರ ಮತ್ತು ಶುಷ್ಕ

ಕೊನೆಯದಾಗಿ ಜೈನ ವಿದ್ವಾಂಸರು ವಿಶೇಷವಾಗಿ ಪರಿಶೀಲಿಸಬೇಕಾದ ವಿಷಯವೊಂದಿದೆ. ಹಸಿಯ ದ್ರವ್ಯವನ್ನು ಒಣದ್ರವ್ಯಕ್ಕಿಂತ ಇಮ್ಮಡಿಯಾಗಿ ಗ್ರಹಿಸಬೇಕೆಂಬುದು ಪರಿಭಾಷೆಯ ಸಾಮಾನ್ಯನಿಯಮ. ಇದಕ್ಕೆ ಅಪವಾದವಾಗಿ ಶಾರ್ಙ್ಗಧರನು ಗುಡೂಚಿ, ಕುಟಜ, ವಾಸಾ, ಶತಾವರಿ ಮೊದಲಾದುವುಗಳ ಜೊತೆಗೆ ಅಶ್ವಗಂಧೆಯನ್ನೂ ಎಣಿಸಿ, ಇವುಗಳನ್ನು ಸದಾ ಆರ್ದ್ರವಾಗಿಯೇ ಪ್ರಯೋಗಿಸಬೇಕು, ಇಮ್ಮಡಿಗೊಳಿಸಬಾರದು ಎಂದಿದ್ದಾನೆ. ಈಗಿನ ವ್ಯಾಪಾರದಲ್ಲಿಯೂ ಔಷಧಕೋಶದಲ್ಲಿಯೂ ಬಳಕೆಯಲ್ಲಿರುವುದು ಒಣಬೇರು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಲ್ಪಫಲ-ಬಹುವಿಘಾತವೆಂದು ತ್ಯಾಜ್ಯವಾದ ವಸ್ತುಗಳನ್ನು ಹೇಳುವಲ್ಲಿ ಶುಂಠಿಯನ್ನು 'ಆರ್ದ್ರ' ಎಂಬ ವಿಶೇಷಣದೊಡನೆ ನಿರ್ದೇಶಿಸಿದೆ. ಒಣಶುಂಠಿಯು ವ್ಯವಹಾರದಲ್ಲಿ ಗ್ರಾಹ್ಯವಾಗಿರುವುದು ಎಲ್ಲರಿಗೂ ತಿಳಿದುದೇ. ಗೊಮ್ಮಟಸಾರದ ಜೀವಕಾಂಡವು ವನಸ್ಪತಿಗಳನ್ನು ಮೂಲಬೀಜ, ಕಂದಬೀಜ, ಬೀಜರುಹ ಮೊದಲಾದ ಭೇದಗಳಿಂದ ವಿಂಗಡಿಸಿ, ಸಿರೆ ಸಂಧಿಗಳು ಕಾಣದಿರುವುದು, ಸಮವಾಗಿ ಮುರಿಯುವುದು, ಕತ್ತರಿಸಿದರೂ ಮತ್ತೆ ಚಿಗುರುವುದು ಮೊದಲಾದ ಲಕ್ಷಣಗಳಿಂದ ಪ್ರತಿಷ್ಠಿತ ಮತ್ತು ಅಪ್ರತಿಷ್ಠಿತ ಪ್ರತ್ಯೇಕಗಳನ್ನು ತಿಳಿಯುವ ಬಗೆಯನ್ನು ಹೇಳಿದೆ. ಅಶ್ವಗಂಧೆಯು ಬೀಜದಿಂದ ಬೆಳೆಯುವ ಗಿಡ. ಅದರ ಬೇರು ಕಂದವಲ್ಲ. ಕೃಷಿಯಲ್ಲಿ ಅದನ್ನು ಕೀಳುವುದು ಎಲೆ ಒಣಗಿ ಬೀಜ ಬಲಿತ ಮೇಲೆ. ಈ ಸಂಗತಿಗಳನ್ನು ಆ ಲಕ್ಷಣಗಳೊಡನೆ ಹೋಲಿಸಿ ನೋಡಿದಲ್ಲಿ, ಜೈನ ವೈದ್ಯನು ಈ ಮೂಲಿಕೆಯನ್ನು ಆರ್ದ್ರವಾಗಿ ವಿಧಿಸಿದನೇ, ಶುಷ್ಕವಾಗಿ ವಿಧಿಸಿದನೇ ಎಂಬ ಪ್ರಶ್ನೆಗೆ ಮಹತ್ವ ಬರುತ್ತದೆ. ಜೈನ ವೈದ್ಯಗ್ರಂಥಗಳ ಪ್ರತಿಗಳಲ್ಲಿ ಅಶ್ವಗಂಧೆಯ ಪಕ್ಕದಲ್ಲಿ 'ಆರ್ದ್ರ', 'ಶುಷ್ಕ', 'ಚೂರ್ಣ', 'ಸ್ವರಸ' ಎಂಬ ಯಾವ ಶಬ್ದವಿದೆಯೆಂಬುದನ್ನು ಪ್ರತಿಯೊಂದು ಪ್ರಯೋಗದಲ್ಲಿಯೂ ಗುರುತಿಸಿಟ್ಟರೆ, ಶ್ರಾವಕಾಚಾರದ ನಿಯಮವು ವೈದ್ಯಪ್ರಯೋಗವನ್ನು ಎಷ್ಟರಮಟ್ಟಿಗೆ ಮಾರ್ಪಡಿಸಿತೆಂಬುದಕ್ಕೆ ಪ್ರತ್ಯಕ್ಷಪ್ರಮಾಣವು ದೊರೆಯುತ್ತದೆ. ಸಾಮಾನ್ಯ ಆಯುರ್ವೇದದಿಂದ ಜೈನ ವೈದ್ಯವು ಎಲ್ಲಿ ಬೇರ್ಪಡುತ್ತದೆಂಬ ಪ್ರಶ್ನೆಗೆ ಇಂತಹ ಸಣ್ಣ ಶಬ್ದಗಳೇ ಉತ್ತರ ಹೇಳಬಲ್ಲುವು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ವಿಷಯಗಳು ಸ್ಪಷ್ಟವಾಗುತ್ತವೆ. ಅಶ್ವಗಂಧೆಯು ಬಲ್ಯವೂ ರಸಾಯನವೂ ಆಗಿದೆಯೆಂಬ ಪ್ರಾಚೀನರ ಮಾತಿಗೆ ಆಧುನಿಕ ಪ್ರಯೋಗಗಳಿಂದ ಸ್ವಲ್ಪಮಟ್ಟಿನ ಬೆಂಬಲವು ದೊರೆತಿದೆ. ಪೂರ್ಣಸಿದ್ಧಿಯು ಇನ್ನೂ ಆಗಿಲ್ಲ. ಗ್ರಂಥೋಕ್ತವಾದ ಅಂಗ, ಪ್ರಮಾಣ, ಅನುಪಾನ, ಅವಧಿಗಳನ್ನು ಬಿಟ್ಟು ಹೆಸರನ್ನು ಮಾತ್ರ ಗ್ರಹಿಸಿದ ಪ್ರಯೋಗಗಳು ಗ್ರಂಥದ ಹೊಣೆಯಲ್ಲ. ಹಸ್ತಪ್ರತಿಯ ಒಂದು ಅಕ್ಷರವು ಹಿರೇಮದ್ದಿಗೂ ಕಣಗಿಲೆಗೂ ನಡುವಿನ ಅಂತರವಾಗಬಹುದಾದುದರಿಂದ ವೈದ್ಯಗ್ರಂಥಗಳ ಸಂಪಾದನೆಯಲ್ಲಿ ಛಂದಸ್ಸು, ಲಿಪಿ, ನಿಘಂಟು, ಪರಿಭಾಷೆಗಳ ಜೊತೆಗೆ ಗಿಡವನ್ನು ಕಣ್ಣಾರೆ ಬಲ್ಲ ವೈದ್ಯನ ಮತ್ತು ಸಸ್ಯಶಾಸ್ತ್ರಜ್ಞನ ನೆರವೂ ಅವಶ್ಯವಾಗಿದೆ.

ಭಂಡಾರಗಳಲ್ಲಿ ಅಚ್ಚಾಗದೆ ಉಳಿದಿರುವ ವೈದ್ಯಗ್ರಂಥಗಳ ಓಲೆಗಳು ವರ್ಷದಿಂದ ವರ್ಷಕ್ಕೆ ಜೀರ್ಣವಾಗುತ್ತಿವೆ. ಇಂದು ತ್ರುಟಿಯಿಲ್ಲದೆ ಓದಬಹುದಾದ ಶಬ್ದವನ್ನು ಮುಂದೊಂದು ದಿನ ಊಹಿಸಬೇಕಾಗುತ್ತದೆ. ಅವು ಓದಲು ಬರುವಂತಿರುವಾಗಲೇ ಪ್ರತಿಯೊಂದು ದ್ರವ್ಯನಾಮವನ್ನೂ ಅದರ ಸಂದರ್ಭಸಹಿತವಾಗಿ ಸಂಗ್ರಹಿಸುವ ಕಾರ್ಯವನ್ನು ವಿದ್ವಾಂಸರು ಕೈಕೊಳ್ಳುವುದು ಅತ್ಯಗತ್ಯವಾಗಿದೆ.